ಮ್ಯಾಗ್ನೀಷಿಯಂ ಡಬ್ಬಿ ತರೂ ಅಕ್ಕ-ತಂಗ್ಯಾರಿಗೆ

ಈ ಸಲ ಹಪ್ಪಳ-ಸಂಡಗಿ ಸುದ್ದಿ ಇಲ್ಲ, ಬಾಗಿನದ ಸೀರಿ ಸುದ್ದೀನೂ ಇಲ್ಲ. ಈ ಸಲ ನಾ ಜಗಳ ತಗದೀನಿ, ಅದೂ ನಿಮ್ಮ ಕೂಡನ. ಓದಿ ಸಿಟ್ಟು ಬಂದ್ರ ಮನಿಗೆ ಬಂದು ಬೈರಿ, ಚಾ ಮಾಡಿ ಕೊಡ್ತೀನಿ. ಆದ್ರ ಬರೂವಾಗ ಕೈಯಾಗ ಮ್ಯಾಗ್ನೀಷಿಯಂ ಡಬ್ಬಿ ಹಿಡಕೊಂಡು ಬರಬ್ಯಾಡ್ರಿ.

ನನಗ ಎದಿ ಕ್ಯಾನ್ಸರ್ ಆಗಿದ್ದು ನಿಮಗೆಲ್ಲಾ ಗೊತ್ತಿದ್ದದ್ದ. ಆಪರೇಷನ್ ಆತು, ಕಿಮೋ ಆತು, ಕರೆಂಟ್ ಕೊಡೂದೂ ಮುಗೀತು. ಈಗ ಎರಡು ವರ್ಷದಿಂದ ದಿನಾ ರಾತ್ರಿ ಊಟ ಆದಮ್ಯಾಲ ಲೆಟ್ರೊಜೋಲ್ ಅನ್ನೂ 2.5 ಮಿಲಿಗ್ರಾಂನ ಗುಳಿಗಿ ಒಂದು. ಇನ್ನೂ ಮೂರು ವರ್ಷ ನುಂಗೂದೈತಿ. ಆ ಗುಳಿಗಿ ಸುರು ಆಗಿ ಎರಡು ತಿಂಗಳಿಗೆ ಮುಂಜಾನಿ ಎದ್ದ್ರ ಕೈಬೆರಳು ಮಡಚಾಕ ಬರದಂಗ ಆತು. ಮಣಕಾಲು, ಹಿಮ್ಮಡ, ಮುಂಗೈ ಎಲ್ಲಾ ಹಿಡಕೊಂಡು ಬಿಟ್ವು. ಹಿಟ್ಟು ನಾದಾಕ ಕುಂತ್ರ ಕಣ್ಣಾಗ ನೀರು. ಇದನ್ನ ಒಂದು ಸಲ ಬಾಯಿ ಬಿಟ್ಟು ಹೇಳಿದ್ದ ತಡ, ಡಬ್ಬಿ ಬರಾಕ ಸುರು ಆದ್ವು. ಪುಣೆದಿಂದ ವೈನಿ ತಂದ್ರು, ಬೆಂಗಳೂರಿಂದ ಸೊಸಿ ಪಾರ್ಸಲ್ ಹಾಕಿದ್ಲು, ಎದುರು ಮನಿ ಅಕ್ಕಾರು ತಮ್ಮ ಡಬ್ಬಿಯೊಳಗಿಂದ ಅರ್ಧ ತಗದು ಕಾಗದದಾಗ ಕಟ್ಟಿ ಕೊಟ್ರು. ಎರಡು ವರ್ಷದಾಗ ಐದು ಬಂದಾವು. ನಿಮ್ಮ ಪ್ರೀತಿ ಬಗ್ಗೆ ನನ್ನ ತಕರಾರು ಇಲ್ಲ. ತಕರಾರು ಇರೂದು ಡಬ್ಬಿ ಕೂಡ ಬರೂ ಮಾತಿನ ಮ್ಯಾಲ.

ಆ ಮಾತು ಯಾವುದು ಅಂತೀರೇನು? "ಆ ಇಂಗ್ಲಿಷ್ ಗುಳಿಗಿನ ನಿನಗ ಈ ಬ್ಯಾನಿ ತಂದದ್ದು. ಅದನ್ನ ಬಿಡು, ಇದನ್ನ ತಗೋ. ಇದು ನೈಸರ್ಗಿಕ." ಐದು ಡಬ್ಬಿಯಾಗ ಮೂರು ಡಬ್ಬಿ ಈ ಮಾತಿನ ಸಂಗಾಟನ ಬಂದಾವು. ಅರ್ಧ ಮಾತು ಖರೇನೂ ಐತಿ, ಅದಕ್ಕ ಅದು ಇನ್ನೂ ಅಪಾಯದ್ದು.

ಖರೇ ಏನಂದ್ರ, ನೋವು ಆ ಗುಳಿಗಿದ. ಮುಟ್ಟು ನಿಂತ ಮ್ಯಾಲೂ ನಮ್ಮ ಮೈಯಾಗ ಈಸ್ಟ್ರೋಜನ್ ಒಂದಿಷ್ಟು ತಯಾರ ಆಗತಿರ್ತೈತಿ, ಕೊಬ್ಬಿನಾಗ, ಮಾಂಸಖಂಡದಾಗ. ಅದನ್ನ ತಯಾರ ಮಾಡೂ ಕಿಣ್ವಕ್ಕ ಅರೋಮಟೇಸ್ ಅಂತಾರ. ಲೆಟ್ರೊಜೋಲ್, ಅನಾಸ್ಟ್ರೊಜೋಲ್, ಎಕ್ಸೆಮೆಸ್ಟೇನ್ ಈ ಮೂರೂ ಗುಳಿಗಿ ಆ ಕಿಣ್ವದ ಬಾಯಿ ಕಟ್ಟತಾವು. ನಮ್ಮಂಥವರ ಕ್ಯಾನ್ಸರಿಗೆ ಈಸ್ಟ್ರೋಜನ್ನ ಅನ್ನ, ಅದಕ್ಕ ಅನ್ನ ಬಂದ್. ಆದ್ರ ಕೀಲಿಗೂ ಎಲುಬಿಗೂ ಅದ ಈಸ್ಟ್ರೋಜನ್ ಬೇಕಾಗಿತ್ತು. ಅದಕ್ಕ ಇವನ್ನ ತಗೊಳ್ಳೂ ಹೆಣ್ಣಮಕ್ಕಳಾಗ ಹತ್ರ ಹತ್ರ ಅರ್ಧ ಮಂದಿಗೆ ಕೀಲು ಹಿಡೀತಾವು. ಇದು ವಯಸ್ಸಿಂದೂ ಅಲ್ಲ, ಸ್ವಾಂಗೂ ಅಲ್ಲ. ಒಬ್ಬರು ಡಾಕ್ಟರು ಚೀಟಿಯಿಂದ ತಲಿ ಎತ್ತದನ "ನಿಮ್ಮ ವಯಸ್ಸಿಗೆ ಇದೆಲ್ಲಾ ಇದ್ದದ್ದರಿ" ಅಂದಿದ್ರು ನನಗ. ಅವ್ರು ಹಂಗ ಅಂದದ್ದಕ್ಕ, ನಾವು ಡಬ್ಬಿ ಕಡೆ ಓಡೂದಕ್ಕ ಸಂಬಂಧ ಐತಿ, ಅದನ್ನ ಡಾಕ್ಟರೂ ತಿಳ್ಕೋಬೇಕು. ನೋವು ಕೇಳಾಕ ಯಾರೂ ಇಲ್ಲ ಅಂದ್ರ ಹೆಣ್ಣಮಕ್ಕಳು ಯಾರು ಕೇಳ್ತಾರ ಅವ್ರ ಕಡೆ ಹೋಗ್ತಾರ. ಅಂಗಡಿಯಂವ ಕೇಳ್ತಾನ, ಮೊಬೈಲಿನಾಗ ಮಾತಾಡೂ ಆಕಿ ಕೇಳ್ತಾಳ.

ಸುಳ್ಳು ಏನಂದ್ರ, "ಅದನ್ನ ಬಿಡು" ಅನ್ನೂದು. ಆ ಗುಳಿಗಿ ತಲಿನೋವಿನ ಗುಳಿಗಿ ಅಲ್ಲ, ಇವತ್ತ ಬಿಟ್ಟು ನಾಳೆ ತಗೊಳ್ಳಾಕ. ಇದ ಜಾತಿಯ ಹಳೇ ಗುಳಿಗಿ ಟಾಮೋಕ್ಸಿಫೆನ್ ಐತಲ್ಲ, ಅದನ್ನ ಐದು ವರ್ಷ ಬರೋಬ್ಬರಿ ತಗೊಂಡ ಹೆಣ್ಣಮಕ್ಕಳಾಗ, ಮುಂದಿನ 15 ವರ್ಷದಾಗ ಎದಿ ಕ್ಯಾನ್ಸರಿಂದ ಸಾಯೂದು ಮೂರನೇ ಒಂದು ಪಾಲು ಕಡಿಮಿ ಆಗೇತಿ. ಸಾವಿರಾರು ಹೆಣ್ಣಮಕ್ಕಳ ಲೆಕ್ಕ ಒಟ್ಟು ಮಾಡಿ 2011ರಾಗ ಪ್ರಕಟ ಮಾಡ್ಯಾರ. ಮುಟ್ಟು ನಿಂತವರಿಗೆ ಲೆಟ್ರೊಜೋಲ್ ಜಾತಿಯವು ಅದಕ್ಕಿಂತ ಒಂದು ಕೈ ಮ್ಯಾಲ. ಈ ಲೆಕ್ಕದ ಮುಂದ ನೀವು ಒಂದು ಡಬ್ಬಿ ತಂದು ಇಟ್ಟು "ಇದ್ರಾಗ ಅದರಾಗ ಯಾವುದರ ಒಂದು ತಗೋ" ಅಂತೀರಲ್ಲ, ಅದು ತಕ್ಕಡಿಯಾಗ ಅಕ್ಕಿಚೀಲ ಒಂದು ಕಡೆ, ಚುರುಮುರಿ ಪೊಟ್ಟಣ ಇನ್ನೊಂದು ಕಡೆ ಇಟ್ಟಂಗ.

ಕಿಮೋ ಹೊತ್ತಿನ್ಯಾಗ ನನ್ನ ಬಾಜೂ ಕಾಟಿನ ಮ್ಯಾಲ ಇರ್ತಿದ್ದ ಒಬ್ಬಾಕಿ ಬಗ್ಗೆ ಹೇಳ್ತೀನಿ. ನವಲಗುಂದ ಕಡೆಯಾಕಿ, ನನಗಿಂತ ಆರು ವರ್ಷ ಸಣ್ಣಾಕಿ, ಹೊಲಮನಿ ಎರಡೂ ನೋಡಾಕಿ. ಆಕಿಗೂ ಇದ ಗುಳಿಗಿ, ಇದ ನೋವು. ಹತ್ತಿ ಬಿಡಸಾಕ ಬೆರಳು ಬರವಲ್ವು. ಆಕಿ ನೆಗೆಣ್ಣಿ ಯಾವುದೋ ಡಬ್ಬಿ ತರಿಸಿ ಕೊಟ್ಟು, ಕ್ಯಾನ್ಸರ್ ಗುಳಿಗಿ ಬಿಡಿಸಿದ್ಲು. ಎರಡು ವಾರದಾಗ ನೋವು ಕಡಿಮಿ ಆತು! ಆಗಲೇಬೇಕು, ನೋವು ತರೂ ಗುಳಿಗಿನ ಬಿಟ್ಟಾಳಲ್ಲ. ಹೆಸರು ಮಾತ್ರ ಡಬ್ಬಿಗೆ ಬಂತು. ಓಣಿ ತುಂಬ "ಮ್ಯಾಗ್ನೀಷಿಯಂನಿಂದ ಆರಾಮಾದ್ಲು" ಅಂತ ಸುದ್ದಿ. ಎಂಟು ತಿಂಗಳು ಹಿಂಗ ನಡೀತು. ಚೆಕಪ್ಪಿಗೆ ಹೋದಾಗೆಲ್ಲಾ ಡಾಕ್ಟರು ಕೇಳಿದ್ರ "ತಗೋತೀನ್ರಿ" ಅಂತಿದ್ಲಂತ, ಬೈತಾರಂತ ಹೆದರಿ. ಅವ್ರು ಆಕಿ ತಗೊಳ್ಳಾಕತ್ತಾಳ ಅಂತ ತಿಳಕೊಂಡು ಚೀಟಿ ಬರೀತಾ ಹೋದ್ರು. ಈಗ ಮತ್ತ ಸುರು ಮಾಡ್ಯಾಳ. ಆ ಎಂಟು ತಿಂಗಳು ಏನು ಮಾಡೇತಿ, ಏನು ಮಾಡಿಲ್ಲ ಅನ್ನೂದು ಪ್ರತಿ ಸ್ಕ್ಯಾನಿಗೂ ಆಕಿ ಹೊಟ್ಯಾಗ ಕುಂತು ಸುಡತೈತಿ. ನನಗ ಫೋನ್ ಹಚ್ಚಿ ಅದನ್ನ ಕೇಳ್ತಾಳ. ನಾ ಏನಂತ ಹೇಳ್ಲಿ?

ಆಕಿ ಫೋನಿಂದನ ಈ ಬರಹ ಹುಟ್ಟಿದ್ದು. ನನ್ನ ತಂಗಿ ಮಗಳು ಔಷಧದ ಕಾಲೇಜಿನಾಗ ಓದ್ಯಾಳ. ಆಕಿನ್ನ ಕೂಡಿಸ್ಕೊಂಡು, ಕನ್ನಡಕ ಹಾಕ್ಕೊಂಡು ಐದೂ ಡಬ್ಬಿ ಓದಿದ್ವಿ. ನೀವೂ ಓದ್ರಿ. ಮ್ಯಾಲ ದೊಡ್ಡ ಅಕ್ಷರದಾಗ "ಮ್ಯಾಗ್ನೀಷಿಯಂ ಗ್ಲೈಸಿನೇಟ್ 1000 ಮಿಲಿಗ್ರಾಂ". ಹಿಂದ ಇರಿವಿ ಅಕ್ಷರದಾಗ ಖರೇ ಮ್ಯಾಗ್ನೀಷಿಯಂ ಎಷ್ಟು ಅಂತ ಇರ್ತೈತಿ. ಗ್ಲೈಸಿನೇಟಿನಾಗ ಮ್ಯಾಗ್ನೀಷಿಯಂ ನೂರಕ್ಕ 14 ಪಾಲು ಅಷ್ಟ, ಅಂದ್ರ ಸಾವಿರದಾಗ 140. ಉಳಿದದ್ದು ಅದರ ಜೋಡಿಗೆ ಇರೂ ಅಮೈನೋ ಆಮ್ಲ. ಆಕ್ಸೈಡಿನಾಗ 60 ಪಾಲು ಇರ್ತೈತಿ, ಆದ್ರ ಅದು ಮೈಗೆ ಹತ್ತೂದು ಕಡಿಮಿ, ಕೆಳಗ ಹೋಗೂದು ಜಾಸ್ತಿ. ನಮ್ಮವ್ವ ಹೊಟ್ಟಿ ಕಟ್ಟಿದಾಗ ಚಮಚಾದಾಗ ಕುಡಸ್ತಿದ್ದ ಆ ಬಿಳೇ ಔಷಧ, ಮಿಲ್ಕ್ ಆಫ್ ಮ್ಯಾಗ್ನೀಷಿಯಾ, ನೆನಪೈತೇನು? ಅದೂ ಇದ ಮನಿತನದ್ದು. ಇನ್ನ ಡಬ್ಬಿ ಮ್ಯಾಲ ಇರೂ ಲೈಸೆನ್ಸ್ ಆಹಾರ ಇಲಾಖೆದು, ಔಷಧ ಇಲಾಖೆದು ಅಲ್ಲ. "ನಾಟ್ ಫಾರ್ ಮೆಡಿಸಿನಲ್ ಯೂಸ್" ಅಂತ ಅದರ ಮ್ಯಾಲ ಇರಲೇಬೇಕು ಅನ್ನೂದು ಸರಕಾರದ ನಿಯಮ. ಮಾರಾಂವನ ಇದು ಔಷಧ ಅಲ್ಲ ಅಂತ ಅಚ್ಚು ಹಾಕ್ಸ್ಯಾನ, ನಾವು ಔಷಧ ಅಂತ ಹಂಚಾಕತ್ತೀವಿ.

"ನಾ ತಗೊಂಡೆ, ನನಗ ಹಿಡೀತು" ಅಂತ ಎದುರು ಮನಿ ಅಕ್ಕಾರು ಅಂತಾರ. ಅಕ್ಕಾ, ನೀವು ಸುಳ್ಳ ಹೇಳ್ತೀರಿ ಅಂತ ನಾ ಅನ್ನೂದಿಲ್ಲ. ಆದ್ರ ಈ ಒಂದು ಕಥಿ ಕೇಳ್ರಿ. ಅಮೇರಿಕಾದಾಗ ನಮ್ಮಂಥ 249 ಹೆಣ್ಣಮಕ್ಕಳಿಗೆ, ಇದ ಗುಳಿಗಿಯಿಂದ ಕೀಲು ಹಿಡದವರಿಗೆ, ಅರ್ಧ ಮಂದಿಗೆ ಮೀನೆಣ್ಣಿ ಗುಳಿಗಿ, ಇನ್ನರ್ಧ ಮಂದಿಗೆ ಅಡಗಿ ಎಣ್ಣಿ ತುಂಬಿದ ಹುಸಿ ಗುಳಿಗಿ ಕೊಟ್ರು. ಯಾರಿಗೆ ಯಾವುದು ಅಂತ ಯಾರಿಗೂ ಹೇಳಲಿಲ್ಲ. 24 ವಾರ ಆದಮ್ಯಾಲ ಕೇಳಿದ್ರ, ಎರಡೂ ಗುಂಪಿನಾಗ ನೋವು ಅರ್ಧಕ್ಕಿಂತ ಜಾಸ್ತಿ ಇಳದಿತ್ತು! ಅಡಗಿ ಎಣ್ಣಿ ನುಂಗಿದವ್ರೂ "ನನಗ ಹಿಡೀತು" ಅಂದ್ರು. ಯಾರರ ನಮ್ಮ ನೋವು ಕೇಳಿದ್ರ, ವಾರಕ್ಕೊಮ್ಮೆ ಫೋನ್ ಮಾಡಿ "ಹೆಂಗೈತಿ" ಅಂದ್ರ, ಮುಂದ ಆರಾಮ ಆಗ್ತೈತಿ ಅನ್ನೂ ಭರೋಸಾ ಇದ್ರ, ಮೈ ಅರ್ಧ ತಾನ ಹಗುರ ಆಗ್ತೈತಿ. ಅದಕ್ಕ ಒಬ್ಬರಿಗೆ ಹಿಡೀತು ಅನ್ನೂದು ಸಾಕ್ಷಿ ಆಗಂಗಿಲ್ಲ.

ಮ್ಯಾಗ್ನೀಷಿಯಂಗೂ ಹಿಂಥಾ ಒರೆಗಲ್ಲು ಹಚ್ಚ್ಯಾರ, ಕೀಲುನೋವಿಗೆ ಅಲ್ಲ, ಮೈ ಭುಗ್ಗ್ ಅಂತ ಉರದು ಬೆವರು ಬರ್ತೈತಲ್ಲ, ಅದಕ್ಕ. ಎದಿ ಕ್ಯಾನ್ಸರ್ ಆಗಿದ್ದ 289 ಮಂದಿ. ಕೆಲವರಿಗೆ ದಿನಕ್ಕ 800 ಮಿಲಿಗ್ರಾಂ ಮ್ಯಾಗ್ನೀಷಿಯಂ ಆಕ್ಸೈಡ್, ಕೆಲವರಿಗೆ 1200, ಕೆಲವರಿಗೆ ಹುಸಿ ಗುಳಿಗಿ. 2015ರಾಗ ಬಂದ ಫಲಿತಾಂಶ: ಹುಸಿ ಗುಳಿಗಿಗೂ ಇದಕ್ಕೂ ಫರಕ ಇಲ್ಲ, ಸಂಡಾಸ ಮಾತ್ರ ಜಾಸ್ತಿ. ಆ ಉರಿಗೂ ನಮ್ಮ ಮಂದಿ ಇದನ್ನ ಕೊಡ್ತಾರ.

ಮ್ಯಾಗ್ನೀಷಿಯಂ ಅಂದ್ರ ವಿಷ ಅಂತ ನಾ ಹೇಳಾಕತ್ತಿಲ್ಲ, ತಪ್ಪು ತಿಳ್ಕೋಬ್ಯಾಡ್ರಿ. ಕೆಲವರಿಗೆ ಅದು ಖರೇನ ಕಡಿಮಿ ಆಗಿರ್ತೈತಿ. ಸಿಸ್‌ಪ್ಲಾಟಿನ್ ಅನ್ನೂ ಕಿಮೋ, ಅದಕ್ಕಿಂತ ಸ್ವಲ್ಪ ಕಡಿಮಿ ಕಾರ್ಬೊಪ್ಲಾಟಿನ್, ಕಿಡ್ನಿ ಹಾದಿಲೆ ಮ್ಯಾಗ್ನೀಷಿಯಂ ಹೊರಗ ಹಾಕ್ಸ್ತಾವು. ಭೇದಿ ದಿನಗಟ್ಲೆ ನಿಲ್ಲದಿದ್ರೂ ಹೋಗ್ತೈತಿ. ಅಸಿಡಿಟಿ ಅಂತ ವರ್ಷಾನುಗಟ್ಲೆ ಪ್ಯಾಂಟೊಪ್ರಜೋಲ್ ನುಂಗವ್ರಿಗೂ ಕಡಿಮಿ ಆಗಬಹುದು, ನಮ್ಮ ಓಣ್ಯಾಗ ಅದನ್ನ ನುಂಗದವರು ಯಾರದಾರ? ಇಂಥವರಿಗೆ ರಕ್ತ ತಗದು ನೋಡಿ ಡಾಕ್ಟರ ಕೊಡ್ತಾರ, ಭಾಳ ಕಡಿಮಿ ಇದ್ರ ಸಲೈನ್ ಕೂಡ ಏರಸ್ತಾರ. ಅದು ಚಿಕಿತ್ಸಾ. ಮೊಬೈಲಿನ ಆಕಿ ಹೇಳೂದು ಬ್ಯಾರೆ: "ರಕ್ತ ಪರೀಕ್ಷಾದಾಗ ಕಾಣಂಗಿಲ್ಲ, ಆದ್ರೂ ನಿಮಗ ಕಡಿಮಿ ಐತಿ" ಅಂತಾಳ. ಮೈಯಾಗಿನ ಮ್ಯಾಗ್ನೀಷಿಯಂದಾಗ ನೂರಕ್ಕ ಒಂದು ಪಾಲೂ ರಕ್ತದಾಗ ಇರಂಗಿಲ್ಲ, ಎಲುಬಿನಾಗನ ಅರ್ಧಕ್ಕಿಂತ ಜಾಸ್ತಿ ಅನ್ನೂದು ಖರೇ. ಆದ್ರ ಆಕಿ ಮಾತು ಹೆಂಗಾತಂದ್ರ, ಕೊರತಿ ಐತಿ ಅಂತ ತೋರಸಾಕ ಬರಂಗಿಲ್ಲ, ಇಲ್ಲ ಅಂತ ನೀವು ತೋರಸಾಕೂ ಬರಂಗಿಲ್ಲ, ಡಬ್ಬಿ ಮಾತ್ರ ಕೊಳ್ರಿ! ಇಂಥಾ ವ್ಯಾಪಾರ ನಮ್ಮ ದುರ್ಗದಬೈಲ್ ಸಂತ್ಯಾಗೂ ನಡಿಯಂಗಿಲ್ಲ.

ಇನ್ನ ಸಕ್ಕರಿ ಬ್ಯಾನಿಂದ, ಕಿಮೋದಿಂದ, ನೋವಿನ ಗುಳಿಗಿಯಿಂದ ಕಿಡ್ನಿ ಸೋತವರು ಇದನ್ನ ತಮ್ಮಷ್ಟಕ್ಕ ನುಂಗಲೇಬಾರದು. ಹೆಚ್ಚಾದದ್ದನ್ನ ಹೊರಗ ಹಾಕೂದು ಕಿಡ್ನಿನ. ಅದು ಹಾಕಲಿಲ್ಲ ಅಂದ್ರ ಮೈಯಾಗ ಏರಿ ಬಿಪಿ ಬೀಳ್ತೈತಿ, ಹೃದಯದ ಬಡಿತ ಏರುಪೇರು ಆಗ್ತೈತಿ. ನಮ್ಮಾಗ ಬೆಳಿಗ್ಗೆ ಥೈರಾಯ್ಡ್ ಗುಳಿಗಿ ನುಂಗವ್ರು ಎಷ್ಟು ಮಂದಿ ಇಲ್ಲ! ಅದರ ಸಂಗಾಟ ಮ್ಯಾಗ್ನೀಷಿಯಂ ನುಂಗಿದ್ರ ಥೈರಾಯ್ಡ್ ಗುಳಿಗಿ ಮೈಗೆ ಹತ್ತಂಗಿಲ್ಲ, ನಡುವ ನಾಲ್ಕು ತಾಸು ಬಿಡಬೇಕು. ಎಲುಬಿನ ಸಲುವಾಗಿ ವಾರಕ್ಕೊಂದು ಅಲೆಂಡ್ರೊನೇಟ್ ತಗೊಳ್ಳವ್ರಿಗೂ ಹಂಗ, ಅದರ ಜೋಡಿ ಇದನ್ನ ನುಂಗಬಾರದು. ಡಬ್ಬಿ ಕೊಡೂವಾಗ ಯಾರೂ ನನ್ನ "ಮತ್ತ ಏನೇನು ನುಂಗ್ತೀ?" ಅಂತ ಕೇಳಲಿಲ್ಲ. ಒಬ್ಬರೂ.

ನನಗ ನಗು ಬರೂ ಸಂಗತಿ ಒಂದೈತಿ. ನೂರು ಗ್ರಾಂ ಜ್ವಾಳದಾಗ 130 ಮಿಲಿಗ್ರಾಂ ಆಸುಪಾಸು ಮ್ಯಾಗ್ನೀಷಿಯಂ ಇರ್ತೈತಿ. ಶೇಂಗಾದಾಗ ಅದಕ್ಕಿಂತ ಜಾಸ್ತಿ, ಎಳ್ಳಿನಾಗ ಇನ್ನೂ ಜಾಸ್ತಿ, ಅಗಸಿಯಾಗ, ರಾಜಗಿರಿ ಪಲ್ಯಾದಾಗ, ಕಡಲಿಯಾಗ ಎಲ್ಲಾದ್ರಾಗೂ ಐತಿ. ಎರಡು ರೊಟ್ಟಿ, ಶೇಂಗಾ ಹಿಂಡಿ, ಒಂದು ಪಲ್ಯಾ, ಕಾಳಿನ ಸಾರು ತಿಂದಾಕಿಗೆ ಆ 140ರ ಗುಳಿಗಿ ಏನು ದೊಡ್ಡದು? ನಮ್ಮ ಮಂದಿ ಮಕ್ಕಳಿಗೆ ರೊಟ್ಟಿ ಬಿಡಿಸಿ ಬ್ರೆಡ್ಡು-ಮೈದಾ ಕಲಿಸಿದ್ರು, ಈಗ ರೊಟ್ಟಿಯಾಗ ಇದ್ದದ್ದನ್ನ ಡಬ್ಬಿಯಾಗ ಆರುನೂರು ರೂಪಾಯಿಗೆ ತರಸ್ತಾರ. ನನ್ನ ಕೈಯಾಗ ರೊಟ್ಟಿ ಬಡ್ಯಾಕ ಆಗಂಗಿಲ್ಲ ಅಂದಾಗ ಒಬ್ಬರರ ನಾಲ್ಕು ಕಟಕ ರೊಟ್ಟಿ ತಂದು ಕೊಟ್ಟಿದ್ರ ಚಲೋ ಇತ್ತು. (ಪಕ್ಕದ ಮನಿ ಚಿಗವ್ವ ಕೊಟ್ಟಾಳ. ಆಕಿನ್ನ ಈ ಜಗಳದಾಗಿಂದ ಬಿಟ್ಟೀನಿ.)

ಈಗ ಮನಸ್ಸಿನ ಮಾತಿಗೆ ಬರ್ತೀನಿ. ಇದನ್ನ ಬರ್ಯಾಕ ನನಗ ಎರಡು ದಿನ ಬೇಕಾತು.

ಹಬ್ಬ ಇದ್ದ ದಿನಾನೂ ಏಳಾಕ ಮನಸ್ಸು ಬರಲಾರದಂಗ ಆಗಿ, ಎದ್ದು ಒಲಿ ಮುಂದ ನಿಂತು, ಹಾಲು ಉಕ್ಕಿ ಹೋದ್ರೂ ಕೈ ಎತ್ತಲಾರದ ದಿನ ಬಂದಿದ್ವು. ಯಾಕ ಅಳಾಕತ್ತೀನಿ ಅಂತ ನನಗ ಗೊತ್ತಿರ್ತಿರಲಿಲ್ಲ. ಈಸ್ಟ್ರೋಜನ್ ಇಳದದ್ದು, ರಾತ್ರಿ ಉರಿಗೆ ನಿದ್ದಿ ಇಲ್ಲದ್ದು, ನೋವು, ಮತ್ತ ಬರ್ತೈತೇನು ಅನ್ನೂ ಹೆದರಿಕಿ, ಎಲ್ಲಾ ಕೂಡಿ ಹಂಗ ಆಗ್ತೈತಿ. ಅದಕ್ಕ ಸಿಕ್ಕ ಉತ್ತರ ಎರಡು. ಒಂದು, "ಮನಸ್ಸು ಗಟ್ಟಿ ಮಾಡ್ಕೋ, ದೇವರು ದೊಡ್ಡಾಂವ." ಇನ್ನೊಂದು, "ಮ್ಯಾಗ್ನೀಷಿಯಂ ಕಡಿಮಿ ಆಗಿರಬೇಕು." ಎರಡನೇದ್ದು ನಮ್ಮ ಮಂದಿಗೆ ಯಾಕ ಇಷ್ಟ ಸೇರ್ತೈತಿ ಗೊತ್ತೈತೇನ್ರಿ? ಡಿಪ್ರೆಶನ್ ಅನ್ನೂ ಶಬ್ದ ಬಾಯಾಗ ತರೂದು ತಪ್ಪತೈತಿ. ಮಗಳ ಲಗ್ನ ಮಾಡೂದೈತಿ, ಸೊಸಿ ಮನಿ ಮಂದಿ ಏನಂದಾರು, ಹುಚ್ಚರ ಡಾಕ್ಟರ ಕಡೆ ಹೋದ್ಲು ಅಂತಾರ. ಅದಕ್ಕ ಅದನ್ನ ಒಂದು ಖನಿಜದ ಕೊರತಿ ಮಾಡಿ ಡಬ್ಬಿಯಾಗ ತುಂಬಿ ಮುಚ್ಚಳ ಹಾಕೂದು.

2017ರಾಗ ಅಮೇರಿಕಾದ ವರ್ಮಾಂಟಿನಾಗ 126 ಮಂದಿ ಮ್ಯಾಲ ಒಂದು ಪ್ರಯೋಗ ಮಾಡ್ಯಾರ, ಸಾದಾ ಖಿನ್ನತೆ ಇದ್ದವರು, ದಿನಕ್ಕ 248 ಮಿಲಿಗ್ರಾಂ, ಆರು ವಾರ. ಆರಾಮ ಅನಿಸೇತಿ ಅವ್ರಿಗೆ. ಡಬ್ಬಿ ಮಾರವ್ರು ಇದನ್ನ ಹೇಳ್ತಾರ. ಅಲ್ಲೆ ಹುಸಿ ಗುಳಿಗಿ ಇರಲೇ ಇಲ್ಲ, ಮ್ಯಾಗ್ನೀಷಿಯಂ ನುಂಗಾಕತ್ತೀವಿ ಅಂತ ಎಲ್ಲಾರಿಗೂ ಗೊತ್ತಿತ್ತು, ಕ್ಯಾನ್ಸರ್ ಚಿಕಿತ್ಸಾದಾಗ ಇದ್ದವರ ಮ್ಯಾಲ ಮಾಡಿದ್ದೂ ಅಲ್ಲ ಅನ್ನೂದನ್ನ ಹೇಳಂಗಿಲ್ಲ. ಮ್ಯಾಲ ಹೇಳಿದ ಅಡಗಿ ಎಣ್ಣಿ ಕಥಿ ನೆನಸ್ಕೊಳ್ರಿ.

ನಾ ಧಾರವಾಡದ ಡಿಮ್ಹಾನ್ಸಿಗೆ ಹೋದೆ. ಅಲ್ಲೆ ಹೊರಗ ಬಾಕಿನ ಮ್ಯಾಲ ಕುಂತವರೆಲ್ಲಾ ನಿಮ್ಮಂಗ ನನ್ನಂಗ ಇದ್ದವರ. ಹೋಗಾಕ ಆಗಂಗಿಲ್ಲ ಅನ್ನವ್ರು 14416ಕ್ಕ ಫೋನ್ ಹಚ್ರಿ, ಟೆಲಿ ಮಾನಸ್ ಅಂತ ಸರಕಾರದ್ದು, ರೊಕ್ಕ ಇಲ್ಲ, ಕನ್ನಡದಾಗ ಮಾತಾಡ್ತಾರ. ಒಂದು ಮಾತು ಮಾತ್ರ ಮರೀಬ್ಯಾಡ್ರಿ: ಮನಸ್ಸಿನ ಡಾಕ್ಟರಿಗೆ ನಿಮ್ಮ ಕ್ಯಾನ್ಸರ್ ಗುಳಿಗಿ ಚೀಟಿ ತೋರಿಸ್ಬೇಕು. ಟಾಮೋಕ್ಸಿಫೆನ್ ತಗೊಳ್ಳವ್ರಿಗೆ ಪ್ಯಾರೊಕ್ಸೆಟಿನ್, ಫ್ಲೂಆಕ್ಸೆಟಿನ್ ಅನ್ನೂ ಗುಳಿಗಿ ಹೊಂದಂಗಿಲ್ಲ, ಟಾಮೋಕ್ಸಿಫೆನ್ ಮೈಯಾಗ ಕೆಲಸಕ್ಕ ತಯಾರ ಆಗೂದನ್ನ ಅವು ತಡೀತಾವು. ಚೀಟಿ ನೋಡಿದ್ರ ಅವ್ರು ಬ್ಯಾರೆ ಕೊಡ್ತಾರ.

ಹಂಗಾದ್ರ ಕೀಲಿಗೆ ಏನು ಮಾಡೂದು ಅಂತೀರಿ. ಇದನ್ನ ಯಾರೂ ಡಬ್ಬಿಯಾಗ ಮಾರಂಗಿಲ್ಲ, ಅದಕ್ಕ ಸುದ್ದಿ ಆಗಂಗಿಲ್ಲ. ಅಮೇರಿಕಾದ ಯೇಲ್ ವಿಶ್ವವಿದ್ಯಾಲಯದವರು ಇದ ಗುಳಿಗಿ, ಇದ ನೋವು ಇದ್ದ 121 ಹೆಣ್ಣಮಕ್ಕಳಾಗ ಒಂದು ಗುಂಪಿಗೆ ವಾರಕ್ಕ 150 ನಿಮಿಷ ಜೋರು ನಡಿಗಿಯಂಥಾ ವ್ಯಾಯಾಮ, ವಾರಕ್ಕ ಎರಡು ಸಲ ಸ್ವಲ್ಪ ಭಾರ ಎತ್ತೂದು ಮಾಡಿಸಿದ್ರು, ಒಂದು ವರ್ಷ. ಭಾಳ ನೋವು ಅನ್ನೂದು ನೂರಕ್ಕ 29 ಪಾಲು ಇಳೀತು. ಇನ್ನೊಂದು ಗುಂಪಿನಾಗ ಇಳೀಲೇ ಇಲ್ಲ. ನೋವು ಇದ್ದಾಗ ನಡಿಯೂದು ಹೆಂಗ ಅನಸ್ತೈತಿ, ನನಗೂ ಅನಿಸಿತ್ತು, ಮೊದಲ ವಾರ ಹಲ್ಲು ಕಚ್ಚಿ ನಡದೀನಿ. ಡುಲಾಕ್ಸೆಟಿನ್ ಅನ್ನೂ ಗುಳಿಗಿ ಕೊಟ್ಟು 299 ಮಂದಿ ಮ್ಯಾಲ ನೋಡ್ಯಾರ, ಹುಸಿ ಗುಳಿಗಿಗಿಂತ ನೋವು ಕಡಿಮಿ ಆಗೇತಿ, ಅದು ಡಾಕ್ಟರ ಚೀಟಿ ಮ್ಯಾಲನ ತಗೊಳ್ಳೂದು, ಓಕರಿಕಿ-ಸುಸ್ತು ಬರಬಹುದು. ಅಕ್ಯುಪಂಕ್ಚರಿಂದನೂ ಸ್ವಲ್ಪ ಇಳೀತೈತಿ ಅಂತ 226 ಮಂದಿ ಮ್ಯಾಲ ನೋಡ್ಯಾರ. ಇದೆಲ್ಲಾ ಆಗಲಿಲ್ಲ ಅಂದ್ರ ಡಾಕ್ಟರು ಗುಳಿಗಿನ ಬದಲಿ ಮಾಡ್ತಾರ. ಲೆಟ್ರೊಜೋಲ್ ಹಿಡಿಸದಾಕಿಗೆ ಎಕ್ಸೆಮೆಸ್ಟೇನ್ ಹಿಡಸ್ತೈತಿ, ಇಲ್ಲಾ ಟಾಮೋಕ್ಸಿಫೆನ್. ನವಲಗುಂದದಾಕಿಗೆ ಈಗ ಹಂಗ ಬದಲಿ ಮಾಡಿ ಕೊಟ್ಟಾರ, ಮುಂಜಾನಿ ಬಿಗಿ ಅರ್ಧಕ್ಕ ಬಂದೈತಂತ. ಎಂಟು ತಿಂಗಳು ಹಿಂದ "ಆಗವಲ್ದ್ರಿ" ಅಂತ ಒಂದು ಮಾತು ಹೇಳಿದ್ರ ಅವತ್ತ ಬದಲಿ ಮಾಡ್ತಿದ್ರು.

ಮುಂದಿನ ಸಲ ಯಾರರ ಮನಿಗೆ ನೋಡಾಕ ಹೋಗೂವಾಗ ಡಬ್ಬಿ ಬದಲಿ ಒಂದು ಪ್ರಶ್ನಿ ಒಯ್ರಿ: ಇದನ್ನ ಡಾಕ್ಟರಿಗೆ ಹೇಳೀಯೇನು? "ಹೇಳಾಕ ಹೆದರಿಕಿ ಆಗ್ತೈತಿ" ಅಂದ್ರ ಸಂಗಾಟ ಹೋಗ್ರಿ. ಆಕಿ ನುಂಗೂ ಎಲ್ಲಾ ಗುಳಿಗಿ, ಡಬ್ಬಿ, ಕಷಾಯದ ಪುಡಿ ಸುದ್ದಾ ಒಂದು ಚೀಲದಾಗ ಹಾಕ್ಕೊಂಡು ಹೋಗಿ ಡಾಕ್ಟರ ಟೇಬಲ್ ಮ್ಯಾಲ ಸುರುವ್ರಿ. ಅವ್ರು ಬೈದ್ರ ಇಬ್ಬರೂ ಕೂಡಿ ಬೈಸ್ಕೊಳ್ರಿ.

ನಾ ದಿನಾ ಸಂಜಿ ಐದೂವರಿಗೆ ಉಣಕಲ್ ಕೆರಿ ದಂಡಿಗೆ ನಡ್ಯಾಕ ಹೋಗ್ತೀನಿ. ಮೊದಲ ಹತ್ತು ನಿಮಿಷ ಕುಂಟತೀನಿ, ಆಮ್ಯಾಲ ಕಾಲು ಹಾದಿಗೆ ಬರ್ತಾವು. ಜೊತಿಗೆ ಬರವ್ರು ಗೇಟಿನ ಹತ್ರ ನಿಲ್ರಿ, ಮಾತಾಡ್ಕೋತ ಹೋಗೂಣು. ಮಂಗಳವಾರ ಮಾತ್ರ ನಾ ಇರಂಗಿಲ್ಲ, ಅವತ್ತ ಮೊಮ್ಮಗನ್ನ ಸಾಲಿಯಿಂದ ಕರ್ಕೊಂಡು ಬರೂದು ನನ್ನ ಪಾಳಿ.